ಪೂಜೆಯಾದ ಮಗ್ಗುಲು ಮೇಲಕ್ಕೆ

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡುವ ಗುಣ ಕೆಲವರಿಗೆ ಹುಟ್ಟುತ್ತಲೇ ಬಂದಿರುತ್ತದೆ. ಅಂಥವರ ಮನೆಯಲ್ಲಿ ಫ್ಯಾನು ಗಾಳಿ ಬೀಸುತ್ತದೆ, ಮಿಕ್ಸಿ ಚಟ್ನಿ ಅರೆಯುತ್ತದೆ, ಹೆಂಡತಿ ನಿಶ್ಚಿಂತೆಯಿಂದ ತವರಿಗೆ ಹೋಗಿ ಬರುತ್ತಾಳೆ. ನನ್ನ ಮನೆ ಹಾಗಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ, ಇದು ಇನ್ನೊಂದು ರೀತಿಯಲ್ಲೂ ನಡೆಯಬಹುದಲ್ಲ ಎಂದು ನನ್ನ ಕೈ ತುರಿಸತೊಡಗುತ್ತದೆ. ಹೀಗೆ ತುರಿಸಿದಾಗಲೇ ಒಮ್ಮೆ ಮಿಕ್ಸಿಯ ಮೋಟಾರನ್ನು ಟೇಬಲ್ ಫ್ಯಾನಿಗೆ ಜೋಡಿಸಿದ್ದೆ. ಫ್ಯಾನು ಮೇಜಿನಿಂದ ಇಳಿದು ಅಡುಗೆಮನೆಯವರೆಗೆ ಹೋಗಿ ಬಂತು. ಇನ್ನೊಮ್ಮೆ ತುರಿಸಿದಾಗ, ಮಾತೇ ಇಲ್ಲದ ನಾಟಕವೊಂದನ್ನು ಬರೆದು ಚಾಮರಾಜನಗರದಲ್ಲಿ ಆಡಿಸಿದೆ. ನಟರು ಮೌನವಾಗಿದ್ದರು, ಮಾತನ್ನು ಪ್ರೇಕ್ಷಕರೇ ಒದಗಿಸಿದರು. ಅವರು ಒದಗಿಸಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಇಂಥ ನಾನು, ಹೊಟ್ಟೆಪಾಡಿಗೆ ಸ್ಕೂಲು ಮೇಷ್ಟ್ರು, ಒಂದು ಹಳೆಯ ಕಾರಿನ ಕೆಳಗೆ ನುಗ್ಗಿ, ಅದರ ಹಿಂಭಾಗವನ್ನು ಹೊಸ ಕಾಲಕ್ಕೆ ಒಗ್ಗಿಸಲು ಹೊರಟು, ಗೆದ್ದು ಬಂದ ಕತೆ ಇದು. ಗೆದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯದಲ್ಲಿ ಕೆಲವು ಕಡೆ ನಿಮಗೆ ಹಾಗನ್ನಿಸದೆ ಹೋಗಬಹುದು.

ಕಾರು ನನ್ನದಲ್ಲ, ಅಕ್ಕನ ಗಂಡನದು. ಭಾವ ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತೇ ಇತ್ತು. ಅದರ ಬಗ್ಗೆ ನಮ್ಮ ಮನೆಯವರೆಲ್ಲರಿಗೂ ಖಚಿತವಾದ ನೆನಪುಗಳಿವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ, ಅಷ್ಟೆ. ಕೊಂಡಾಗ ಅದು ಹಾಲಿನ ಬಣ್ಣದ್ದಾಗಿತ್ತು ಎನ್ನುತ್ತಾಳೆ ಅಕ್ಕ. ತಿಳಿಹಸಿರು ಎನ್ನುತ್ತೇನೆ ನಾನು. ಈಗ ಅದು ಇಬ್ಬರನ್ನೂ ಬೆಂಬಲಿಸದ ಬಣ್ಣದಲ್ಲಿದೆ. ಅದರಲ್ಲಿ ನಾವೆಲ್ಲ ಒಟ್ಟಿಗೆ ಊಟಿಗೆ ಹೋಗಿದ್ದೆವು ಎಂಬ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿದೆ, ಮತ್ತು ಎಲ್ಲರಿಗೂ ಒಮ್ಮತವಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ನೆನಪು ಹೀಗೆ ಹೊಲಿಗೆ ಬಿಡದೆ ಕೂತಿದ್ದರೆ ಯಾರೋ ದರ್ಜಿ ಕೆಲಸ ಮಾಡಿದ್ದಾರೆ ಎಂದೇ ಅರ್ಥ. ಅನುಮಾನವಿಲ್ಲದ ಸಂಗತಿ ಒಂದೇ: ಕೊನೆಕೊನೆಗೆ ಕಾರು ಓಡುವಾಗ ಅದರ ಹಿಂದುಗಡೆಯಿಂದ ಒಂದು ಗೋಳು ಏಳುತ್ತಿತ್ತು. ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ದಪ್ಪ ಕಬ್ಬಿಣದ ಕೊಳವೆ, ಅದರ ನಡುವೆ ಮಡಕೆಯಂಥ ಉಬ್ಬು, ಆ ಉಬ್ಬಿನೊಳಗೆ ಹಲ್ಲುಚಕ್ರಗಳು. ಇಷ್ಟೂ ಸೇರಿ ಆಕ್ಸೆಲ್. ಆ ಹಲ್ಲುಗಳು ಸವೆದು ಹೋಗಿದ್ದವು. ಭಾವ ಬೀದಿಯ ತಿರುವಿಗೆ ಬಂದರೆ ನಾಯಿಗಳೂ ದನಿಗೂಡಿಸುತ್ತಿದ್ದವು.

ಹೀಗಿರುವಾಗ ಅಕ್ಕನ ಮಗಳು ಭಾಗ್ಯಳಿಗೆ ಬೇಗೂರಿನ ಗಂಡು ಗೊತ್ತಾಯಿತು. ಮದುವೆ ಗುಂಡ್ಲುಪೇಟೆಯ ಛತ್ರವೊಂದರಲ್ಲಿ. ಹಿಂದಿನ ದಿನ ಸಂಜೆ ಹೆಣ್ಣಿನ ಕಡೆಯವರು ಊರಂಚಿನ ಗುಡಿಯಲ್ಲಿ ಇಳಿದುಕೊಳ್ಳುವುದು, ಗಂಡಿನವರು ವಾದ್ಯದೊಡನೆ ಬಂದು ಎದುರುಗೊಂಡು ಹೆಣ್ಣನ್ನು ಕಾರಿನಲ್ಲಿ ಛತ್ರಕ್ಕೆ ಕರೆದೊಯ್ಯುವುದು ಶಾಸ್ತ್ರ. ಗಂಡಿನ ಚಿಕ್ಕಪ್ಪ ಅದಕ್ಕಾಗಿ ಮೈಸೂರಿನಿಂದ ಉದ್ದನೆಯ ಬಿಳಿ ಕಾರೊಂದನ್ನು ಬಾಡಿಗೆಗೆ ಗೊತ್ತು ಮಾಡಿರುವುದಾಗಿ ಫೋನಿನಲ್ಲಿ ತಿಳಿಸಿದರು, ಉದ್ದ ಎಷ್ಟು ಎಂಬುದನ್ನೂ ಸೇರಿಸಿ. ಭಾಗ್ಯ ಒಪ್ಪಲಿಲ್ಲ. ಅಪ್ಪ ಇಲ್ಲದಿದ್ದರೂ ಅಪ್ಪನ ಕಾರು ಇದೆಯಲ್ಲ, ತಾನು ಅದರಲ್ಲೇ ಹೋಗುವುದು ಎಂದಳು. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಅಭ್ಯಾಸವಾದ ಹುಡುಗಿ. ಒಮ್ಮೆ ಆಗುವುದಿಲ್ಲ ಎಂದರೆ ಎದುರಿಗಿರುವವರು ಟೋಕನ್ ಹಿಡಿದು ವಾಪಸ್ಸು ಹೋಗಬೇಕು. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ಕೋಣೆಯ ಬಾಗಿಲಿನಿಂದ ಶುರುಮಾಡುವ ಬದಲು ಊರಂಚಿನಿಂದಲೇ ಶುರುಮಾಡಿದರಾಯಿತು ಎಂದು ನಾನು ಮಾತು ಕೊಟ್ಟುಬಿಟ್ಟೆ.

"ಮಾತು ಕೊಡದು ಸಲೀಸು ಕಣಪ್ಪ," ಎಂದಳು ಅಕ್ಕ. "ಅವತ್ತು ಅದು ನಡದ್ರ ಸರಿ. ನಡೀನಿಲ್ಲ ಅಂದ್ರ ಮದುವ ಮುಗುದ್ ಮಾರನೇ ದಿಸಾನೇ ಗುಜರಿಯವರ್ಗ ಕೊಟ್ಬುಡ್ತೀನಿ. ಅದ ನೋಡಿ ನೋಡಿ ಸಾಕಾಗದ ನಂಗ."

ಭಾವ ಹೋದ ಮೇಲೆ ಅಕ್ಕ ಜಗಲಿಯಲ್ಲಿ ಶೆಡ್ಡಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಆದ್ದರಿಂದ ಇದು ಸುಮ್ಮನೆ ಆಡಿದ ಮಾತಲ್ಲ ಎಂದು ನನಗೂ ಭಾಗ್ಯಳಿಗೂ ಗೊತ್ತಿತ್ತು.

ಮೆಕ್ಯಾನಿಕ್ ಮಾದೇವಣ್ಣನನ್ನು ಕರೆತಂದೆ. ತನ್ನ ಕೈಗೆ ಬಂದ ಯಾವ ಗಾಡಿಯೂ ನಿಂತ ಉದಾಹರಣೆಯೇ ಇಲ್ಲ ಎಂದು ಹೇಳಿಕೊಳ್ಳುವ ಮನುಷ್ಯ. ಅವನ ಗ್ಯಾರೇಜಿನ ಮುಂದೆ ನಿಂತಿರುವ ಗಾಡಿಗಳ ಅಭಿಪ್ರಾಯ ಬೇರೆ ಇದ್ದೀತು. ಎಂಜಿನ್ ಅವನ ಎರಡು ಬೈಗುಳಕ್ಕೇ ಎದ್ದಿತು. ಹಿಂದಿನ ಹಲ್ಲುಚಕ್ರ ಮಾತ್ರ ಈಗ ಎಲ್ಲೂ ಸಿಗುವುದಿಲ್ಲ ಎಂದು ಕೈ ಒರೆಸಿಕೊಂಡ. ನನಗೆ ಕೈ ತುರಿಸಿದ್ದು ಆಗಲೇ. ಇದೇ ಕಾರಿನ ಎಷ್ಟೋ ವರ್ಷ ಈಚಿನ ಮಾದರಿಯದೊಂದು ಆಕ್ಸೆಲ್ ತಂದು ಇಡಿಯಾಗಿ ಕೂರಿಸಿದರೆ ಏನಾಗುತ್ತದೆ ಎಂದು ಕೇಳಿದೆ. ಕೂರುವುದಿಲ್ಲ, ಹೊಸದಕ್ಕೂ ಹಳೆಯದಕ್ಕೂ ಅಳತೆಯೇ ಬೇರೆ ಎಂದ. ಕೂರುವುದಿಲ್ಲ ಎಂದದ್ದೇ ನನಗೆ ಹುರುಪು ತಂದಿತು. ಕೂರದಿರುವ ಎರಡನ್ನು ಕೂರಿಸುವುದಕ್ಕೇ ಅಲ್ಲವೇ ವೆಲ್ಡಿಂಗ್ ಇರುವುದು, ಎಂದು ಸಣ್ಣದೊಂದು ಭಾಷಣ ಮಾಡಿದೆ. ಈ ಭಾಷಣ ಮುಂದೆ ನನಗೆ ಬಹಳ ತೊಂದರೆ ಕೊಟ್ಟಿತು.

ಗುಂಡ್ಲುಪೇಟೆಯಲ್ಲಿ ಗುಜರಿ ಇಟ್ಟಿರುವ ಕಾಕಾ ಒಬ್ಬರಿದ್ದಾರೆ, ವಯನಾಡಿನ ಕಡೆಯವರು. ಅವರ ಅಂಗಳದಲ್ಲಿ ಕಾರುಗಳು ಅಂಗಾತ ಮಲಗಿರುತ್ತವೆ, ಕಾಲು ಮೇಲೆ ಮಾಡಿದ ಆಮೆಗಳ ಹಾಗೆ. ಮೊದಲ ಸಲ ನೋಡಿದವರಿಗೆ ಎಲ್ಲಾ ಒಟ್ಟಿಗೆ ಪಲ್ಟಿ ಹೊಡೆದಿವೆಯೇನೋ ಅನ್ನಿಸಬೇಕು. ಅದು ಕಾಕಾ ಅವರ ಕೆಲಸದ ಕ್ರಮ. "ಮಲಗಿಸಿದ್ರೆ ಎಳುಪ್ಪಂ, ಸುಲಭ ಸಾರೇ," ಎಂದರು. "ಗುಂಡಿ ಬೇಡ, ಜಾಕು ಬೇಡ. ನಿಂತ್ಕೊಂಡೇ ಬಿಚ್ಚಬಹುದು." ನಮಗೆ ಬೇಕಾದ ಈಚಿನ ಮಾದರಿಯ ಟ್ಯಾಕ್ಸಿಯೊಂದು ಮೂಲೆಯಲ್ಲಿ ಅದೇ ಭಂಗಿಯಲ್ಲಿತ್ತು. ಹೊಟ್ಟೆಯ ಮೇಲೆ ಆಕ್ಸೆಲ್, ಸವೆತವಿಲ್ಲದ್ದು. ಮಾದೇವಣ್ಣ ಅದರ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿ, ಮಗುವಿನ ಎದೆ ನೋಡಿದ ಡಾಕ್ಟರಂತೆ ತಲೆದೂಗಿದ.

ಲಗ್ನಪತ್ರಿಕೆ ಹಂಚಲೆಂದು ಅಕ್ಕನೂ ನಮ್ಮ ಜೊತೆ ಬಂದಿದ್ದಳು. ಅವಳ ಚೀಲದಲ್ಲಿ ಅರಿಶಿನ ಕುಂಕುಮದ ಬಟ್ಟಲು ಇತ್ತು. ಮದುವೆ ಮನೆಗೆ ಯಾರದೋ ಕಾರಿನ ಕಬ್ಬಿಣ ಹಾಗೇ ಬರಬಾರದು ಎಂದು ಅವಳು ಅಲ್ಲೇ, ಬಿಚ್ಚುವ ಮೊದಲೇ, ಆ ಆಕ್ಸೆಲ್ಲಿನ ಮಡಕೆಗೆ ಅಂಗೈಯಗಲ ಅರಿಶಿನ ಬಳಿದು, ಕುಂಕುಮ ಇಟ್ಟು, ಒಂದು ಸೇವಂತಿಗೆ ಸಿಕ್ಕಿಸಿದಳು. ಕಾಕಾ ಕೂಡ ಕೆಲಸ ನಿಲ್ಲಿಸಿ ಕೈಕಟ್ಟಿ ನಿಂತಿದ್ದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ದೂರ ನಿಂತು ಆಕಾಶ ನೋಡುತ್ತಿದ್ದೆ. ಆಕಾಶದ ಬದಲು ಕಾರು ಮಲಗಿದ್ದ ರೀತಿಯನ್ನು ಇನ್ನೊಮ್ಮೆ ನೋಡಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಜೋಡಿಸುವ ಕೆಲಸ ಅಕ್ಕನ ಮನೆಯ ಶೆಡ್ಡಿನಲ್ಲೇ ನಡೆಯಿತು. ಆಕ್ಸೆಲ್ಲನ್ನು ಯಾವ ಮಗ್ಗುಲು ಮೇಲೆ ಮಾಡಿ ಕೂರಿಸಬೇಕು ಎಂಬ ಪ್ರಶ್ನೆ ಏಳಲೇ ಇಲ್ಲ. "ಪೂಜ ಆಗಿರ ಮಗ್ಗುಲ ನೆಲಕ್ಕ ಮಾಡಕ್ಕಾದ್ದಾ ಮೇಷ್ಟ್ರೇ?" ಎಂದ ಮಾದೇವಣ್ಣ. "ರೋಡ್ನಲ್ಲಿರ ಸಗಣಿ ಎಲ್ಲ ಅದ್ಕೇ ಎರಚ್ತದ." ನಾನೂ ಒಪ್ಪಿದೆ, ಆದರೆ ವೈಜ್ಞಾನಿಕ ಕಾರಣಕ್ಕೆ. ಗುಜರಿಯಲ್ಲಿ ಕುಂಕುಮ ಮೇಲಿತ್ತು, ಆದ್ದರಿಂದ ಕುಂಕುಮವಿರುವುದೇ ಮೇಲ್ಭಾಗ. ಪೂಜೆಯಲ್ಲಿ ನಂಬಿಕೆ ಇಲ್ಲದವನಿಗೂ ಗುರುತಾಗಿ ಅದು ಉಪಯುಕ್ತ ಎಂದೆ. ಹೀಗೆ ಭಕ್ತಿಯೂ ವಿಜ್ಞಾನವೂ ಕೈ ಕೈ ಹಿಡಿದುಕೊಂಡು ಒಂದೇ ಹಳ್ಳಕ್ಕೆ ಇಳಿದವು.

ಕೂರಿಸಲು ಹೋದರೆ ಯಾವುದೂ ಕೂರಲಿಲ್ಲ. ಕಾರಿನ ಭಾರ ಹೊರುವ ಸ್ಪ್ರಿಂಗ್ ಪಟ್ಟೆಗಳು ಕೆಳಗಿದ್ದವು, ಅವು ಕೂರಬೇಕಾದ ಜಾಗ ಆಕ್ಸೆಲ್ಲಿನ ಮೇಲ್ಗಡೆ ಇತ್ತು. ಹೊಸದಕ್ಕೂ ಹಳೆಯದಕ್ಕೂ ಅಳತೆ ಬೇರೆ ಎಂದು ಮೊದಲೇ ಮಾತಾಗಿತ್ತಲ್ಲ, ಆ ಕೂರುವ ಜಾಗವನ್ನೇ ಕೊಯ್ದು ಕೆಳಗೆ ವೆಲ್ಡ್ ಮಾಡಿಸಿದೆವು. ಬ್ರೇಕಿನ ಕೊಳವೆ ತಲೆಕೆಳಗಾಗಿ ಬಂತು, ಬಗ್ಗಿಸಿಕೊಂಡೆವು. ಎಣ್ಣೆಯ ಬಿರಡೆ ಮಡಕೆಯ ನೆತ್ತಿಯ ಮೇಲೇ ಇತ್ತು. ಸುರಿಯಲು ಎಷ್ಟು ಅನುಕೂಲ, ಹೊಸ ಕಾಲದವರ ತಲೆಯೇ ತಲೆ, ಎಂದು ನಾನು ಕೊಂಡಾಡಿದೆ. ಅದು ಎಣ್ಣೆ ಖಾಲಿ ಮಾಡುವ ಬಿರಡೆ ಎಂದು ಆಮೇಲೆ ತಿಳಿಯಿತು. ತಳದಲ್ಲಿ ಒಂದು ಸಣ್ಣ ತೂತಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಾದೇವಣ್ಣ ಬಟ್ಟೆ ಸೋಪು ಮೆತ್ತಿದ. ಪ್ರತಿಯೊಂದು ಎಡವಟ್ಟೂ ನಮಗೆ ಪ್ರಗತಿಯಂತೆಯೇ ಕಾಣುತ್ತಿತ್ತು. ಕೊನೆಗೆ ಕಾರನ್ನು ಜಾಕಿನ ಮೇಲೆ ಎತ್ತಿ ಗೇರು ಹಾಕಿದಾಗ ಚಕ್ರಗಳು ಸದ್ದಿಲ್ಲದೆ, ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿದವು. ಎಲ್ಲರೂ ಚಪ್ಪಾಳೆ ಹೊಡೆದೆವು. ಯಾವ ಕಡೆಗೆ ತಿರುಗುತ್ತಿವೆ ಎಂದು ಯಾರೂ ನೋಡಲಿಲ್ಲ. ಎಷ್ಟೋ ಕಾಲದಿಂದ ನಿಂತ ಚಕ್ರ ತಿರುಗುತ್ತಿರುವಾಗ ಅಂಥ ಪ್ರಶ್ನೆ ಕೇಳುವುದು ಸಣ್ಣತನ ಅನ್ನಿಸುತ್ತದೆ.

ವೆಲ್ಡಿಂಗ್ ಎಳೆದೂ ಎಳೆದೂ ಕಾರು ನೆಲಕ್ಕಿಳಿಯುವ ಹೊತ್ತಿಗೆ ಹೆಣ್ಣು ಕರೆಯುವ ದಿನದ ಬೆಳಿಗ್ಗೆಯೇ ಬಂದುಬಿಟ್ಟಿತ್ತು. ಶೆಡ್ಡಿನ ಬಾಗಿಲಿಗೆ ಮುಖ ಮಾಡಿ ನಿಂತಿದ್ದ ಕಾರಿನಲ್ಲಿ ಕೂತು ಮೊದಲನೇ ಗೇರು ಹಾಕಿದೆ. ಕಾರು ಗಂಭೀರವಾಗಿ ಹಿಂದಕ್ಕೆ ಹೋಗಿ ಶೆಡ್ಡಿನ ತಗಡಿಗೆ ಒರಗಿತು. ಗಾಬರಿಯಲ್ಲಿ ರಿವರ್ಸ್ ಹಾಕಿರಬೇಕೆಂದು, ಎಲ್ಲರೂ ಸೇರಿ ಮುಂದಕ್ಕೆ ತಳ್ಳಿದ ಮೇಲೆ, ಎರಡನೆಯದನ್ನು ಹಾಕಿದೆ. ಅದು ಇನ್ನೂ ಚುರುಕಾಗಿ ಹಿಂದಕ್ಕೆ ಹೋಯಿತು, ತಗಡು ಆಚೆಗೆ ಬಿತ್ತು. ಮೂರು, ನಾಲ್ಕನ್ನು ಪರೀಕ್ಷಿಸಲು ಹಿಂದೆ ಗೋಡೆ ಉಳಿದಿತ್ತಾದರೂ ಅಕ್ಕ ಬಿಡಲಿಲ್ಲ. ಉಳಿದದ್ದು ರಿವರ್ಸ್ ಒಂದೇ. ಹಾಕಿದೆ. ಕಾರು ಮದುವಣಗಿತ್ತಿಯಂತೆ ಮೆಲ್ಲಗೆ ಮುಂದಕ್ಕೆ ಬಂದು ಬಿಸಿಲಿಗೆ ಮೂಗು ಇಟ್ಟಿತು. ಜೊತೆಗೆ ಅದರ ಹಿಂಬದಿಯಿಂದ ಕೀರಲು ಸಂಗೀತವೊಂದು ಶುರುವಾಯಿತು. ರಿವರ್ಸ್ ಗೇರು ಬಿದ್ದರೆ ನುಡಿಯಲೆಂದು ಭಾವ ಹಾಕಿಸಿದ್ದ ಪುಟ್ಟ ಪೆಟ್ಟಿಗೆ, ಹೊಸ ಬ್ಯಾಟರಿಯಿಂದ ಜೀವ ಬಂದು ಹಾಡುತ್ತಿತ್ತು.

ಭಾಗ್ಯ ಗೋರಂಟಿ ಹಾಕಿಸಿಕೊಂಡ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಒಳಗಿನಿಂದ ಓಡಿ ಬಂದಳು. ಜಗಲಿಯ ಅಂಚಿನಲ್ಲಿ ನಿಂತವಳು, "ಅಪ್ಪ ಬಂದ್ರ ಇದೇ ಕೇಳ್ತಿತ್ತು ಮಾವ," ಎಂದಳು. ಅಪ್ಪ ದಿನಾ ಸಂಜೆ ಕಾರನ್ನು ಹಿಂದಕ್ಕೆ ಹಿಂದಕ್ಕೆ ತಂದು ಶೆಡ್ಡಿಗೆ ಬಿಡುತ್ತಿದ್ದರಂತೆ. ನನ್ನ ನೆನಪಿನಲ್ಲಿ ಭಾವ ಯಾವಾಗಲೂ ಮೂತಿ ಮುಂದೆ ಮಾಡಿಯೇ ಶೆಡ್ಡಿಗೆ ನುಗ್ಗುತ್ತಿದ್ದರು. ಆದರೆ ನಾನು ಗೇರು ತೆಗೆಯದೆ, ಪೆಟ್ಟಿಗೆಯನ್ನು ಇನ್ನೊಂದಿಷ್ಟು ಹಾಡಲು ಬಿಟ್ಟೆ.

ಎಂಜಿನ್ ಆರಿಸಿದ ಮೇಲೆ ಮಾದೇವಣ್ಣ ಕಾರಿನ ಕೆಳಗೆ ನುಗ್ಗಿದ. ಆಮೇಲೆ ಅಲ್ಲಿಂದಲೇ ಕೇಳಿದ: "ಮೇಷ್ಟ್ರೇ, ಗುಜರಿಲಿ ಆ ಕಾರು ಎಂಗ ಮಲಗಿತ್ತು?"

"ಅಂಗಾತ," ಎಂದೆ. ಎಂದ ಮೇಲೆ ನನಗೂ ಹೊಳೆಯಿತು. ಅಂಗಾತ ಮಲಗಿದ ಕಾರಿಗೆ ಆಕಾಶ ನೋಡುವುದು ಹೊಟ್ಟೆ, ಬೆನ್ನಲ್ಲ. ಅಕ್ಕ ಪೂಜೆ ಮಾಡಿದ್ದು ಆಕ್ಸೆಲ್ಲಿನ ತಳಕ್ಕೆ. ಆ ತಳವನ್ನು ನಾವು ಭಕ್ತಿಯಿಂದಲೂ ತರ್ಕದಿಂದಲೂ ಮೇಲೆ ಮಾಡಿ ಬೆಸೆದಿದ್ದೆವು. ಆಕ್ಸೆಲ್ ಬೋರಲಾದರೆ ಚಕ್ರಗಳು ಉಲ್ಟಾ ತಿರುಗುತ್ತವೆ. ಜಗತ್ತಿನ ಕಾರುಗಳಿಗೆಲ್ಲ ಹಿಂದಕ್ಕೆ ಒಂದು ಗೇರು ಇದ್ದರೆ ನಮ್ಮದಕ್ಕೆ ನಾಲ್ಕು. ತಪ್ಪು ಯಾರದೆಂಬ ಚರ್ಚೆ ಶುರುವಾಗುವುದರೊಳಗೆ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಆಕ್ಬುಡಿ, ನನ್ ಕುಂಕುಮದ ಮ್ಯಾಲ ಆಕ್ಬುಡಿ ಎಲ್ಲಾವ," ಎಂದು ಅದನ್ನು ಮುಗಿಸಿದಳು. ಬೆಸುಗೆ ಕೊಯ್ದು ಮತ್ತೆ ಕೂರಿಸಲು ಹೊತ್ತಿರಲಿಲ್ಲ. ಬಿಳಿ ಕಾರಿನವರಿಗೆ ಫೋನು ಮಾಡಿ ಎಂದಳು ಅಕ್ಕ, ದನಿ ಇಳಿಸಿ. ಅವಳ ಕಣ್ಣು ಆಗಲೇ ಗುಜರಿಯ ಕಡೆ ಹೊರಟಿತ್ತು.

ಭಾಗ್ಯ ಮಾತ್ರ, "ಮುಂದಕ್ಕ ಒಂದು ಗೇರು ಅದ ಅಲ್ವಾ ಮಾವ?" ಎಂದಳು. "ಗುಡಿಯಿಂದ ಛತ್ರಕ್ಕ ಓಗಕ್ಕ ಇನ್ನೆಷ್ಟು ಬೇಕು?"

ಅಷ್ಟೇ ಸಾಕಾಗಿತ್ತು. ಭಾವನ ಸ್ನೇಹಿತರೊಬ್ಬರ ಅರಿಶಿನದ ಲಾರಿ ತರಿಸಿ, ಹಲಗೆ ಇಳಿಬಿಟ್ಟು, ಕಾರನ್ನು ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹತ್ತಿಸಿದೆವು. ಇಡೀ ಬೀದಿಗೆ ಸಂಗೀತ ಕೇಳಿಸಿತು. ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಸೇರಿದಾಗ ಕಾರಿನ ಮೈಯೆಲ್ಲ ಅರಿಶಿನದ ಧೂಳು. ಶಾಸ್ತ್ರಕ್ಕೆ ಬೇಕೆಂದೇ ಹಚ್ಚಿದ್ದೆಂದು ಗುಡಿಯ ಬಳಿ ಹೆಂಗಸರು ಮೆಚ್ಚಿಕೊಂಡರು. ಗಂಡಿನ ಚಿಕ್ಕಪ್ಪ ಮೆಚ್ಚಲಿಲ್ಲ. ಕಾರನ್ನು ಸುತ್ತಿ ನೋಡಿ, ಇದರಲ್ಲಿ ಕೂತರೆ ಹೆಣ್ಣು ನಾಳೆ ಮುಹೂರ್ತಕ್ಕೆ ಸರಿಯಾಗಿ ಬರುತ್ತದೋ ಇಲ್ಲವೋ ಎಂದು ಎಲ್ಲರಿಗೂ ಕೇಳುವಂತೆ ಅನುಮಾನಪಟ್ಟರು. ಹೂವಿನಲ್ಲಿ ಮುಳುಗಿದ್ದ ತಮ್ಮ ಬಿಳಿ ಕಾರನ್ನು, ಒಳಗೆ ಹೆಣ್ಣಿಲ್ಲದಿದ್ದರೂ, ಮುಂದೆ ನಿಲ್ಲಿಸಿದರು. ಅದರ ಹಿಂದೆ ನಾವು: ನಾನು ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಅಕ್ಕ, ಹಿಂದೆ ಭಾಗ್ಯ. ರಿವರ್ಸ್ ಗೇರಿನ ವೇಗ ಮೆರವಣಿಗೆಗೆಂದೇ ಹೇಳಿ ಮಾಡಿಸಿದ್ದು. ಹಳೆಯ ಗೋಳಿನ ಸುಳಿವೇ ಇಲ್ಲ, ಸಂಗೀತ ನಿಲ್ಲುವುದಿಲ್ಲ, ಹಿಂದಿನ ಬಿಳಿ ದೀಪ ಉರಿಯುತ್ತಲೇ ಇದ್ದುದರಿಂದ ಕಾರು ಈಗ ಹಿಂದಕ್ಕೆ ಬಂದೀತೆಂದು ಹೆದರಿ ಜನ ಮರ್ಯಾದೆಯ ಅಂತರ ಇಟ್ಟುಕೊಂಡೇ ನಡೆದರು.

ಛತ್ರದ ಗಲ್ಲಿಗೆ ತಿರುಗಿದ ಮೇಲೆ ಎದುರಿಗೆ ನೀರಿನ ಟ್ಯಾಂಕರ್ ಬಂತು. ಛತ್ರದ ತೊಟ್ಟಿ ತುಂಬಿಸಿ ಹೊರಗೆ ಬರುತ್ತಿತ್ತು. ಗಲ್ಲಿಯಲ್ಲಿ ಒಂದೇ ಗಾಡಿಗೆ ಜಾಗ. ಟ್ಯಾಂಕರಿನವನು ಎಂಜಿನ್ ಆರಿಸಿ ಬೀಡಿ ಹಚ್ಚಿದ. ಬಿಳಿ ಕಾರು ಹಿಂದಕ್ಕೆ ಬರಬೇಕು, ಅದು ಬರಬೇಕಾದರೆ ಮೊದಲು ನಾವು ಹೋಗಬೇಕು. ಮೆರವಣಿಗೆಯ ಕಣ್ಣೆಲ್ಲ ನಮ್ಮ ಮೇಲೆ ಬಿದ್ದವು. ಚಿಕ್ಕಪ್ಪ ಕಿಟಕಿಗೆ ಬಗ್ಗಿ, "ಹಿಂದಕ್ಕ ಓದದಾ ಇದು?" ಎಂದರು, ಹೋಗದಿದ್ದರೆ ತಮಗೇನೂ ಆಶ್ಚರ್ಯವಿಲ್ಲ ಎಂಬ ದನಿಯಲ್ಲಿ.

ಜೀವಮಾನದಲ್ಲಿ ಇಂಥ ಪ್ರಶ್ನೆಯನ್ನು ಇಂಥ ಗಳಿಗೆಯಲ್ಲಿ ಯಾರೂ ನನಗೆ ಕೇಳಿರಲಿಲ್ಲ. "ಯಾವ ಗೇರಲ್ಲಿ ಹೋಗಲಿ ಹೇಳಿ, ಬೀಗರೇ," ಎಂದೆ.

ಒಂದನೆಯದನ್ನು ಹಾಕಿ ಕತ್ತು ತಿರುಗಿಸಿದೆ. ಭಾಗ್ಯ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಜಡೆಯ ಹೂವನ್ನು ಮುಂದಕ್ಕೆ ಎಳೆದುಕೊಂಡು, ಹಿಂದಿನ ಗಾಜಿಗೆ ಮುಖ ಕೊಟ್ಟು, "ಎಡಕ್ಕ ಮಾವ, ಇನ್ನೊಸಿ ಎಡಕ್ಕ," ಎಂದು ದಾರಿ ಹೇಳತೊಡಗಿದಳು. ಗಲ್ಲಿ ಮುಗಿದದ್ದೇ ಎರಡು. ಹಿಂದಿನ ಬೀದಿ ಅಗಲವಾಗಿತ್ತು, ಅಲ್ಲಿ ಮೂರು. ತಮಟೆಯವರು ಟ್ಯಾಂಕರಿನ ಸಹವಾಸ ಬಿಟ್ಟು ನಮ್ಮ ಬಾನೆಟ್ಟಿಗೆ ಎದುರಾಗಿ ಬಾರಿಸುತ್ತ ಓಡಿಬಂದರು. ಮನೆಗಳ ಬಾಗಿಲಿಂದ ಹೆಂಗಸರು ಹೂವು ಎರಚಿದರು. ಅಕ್ಕ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡು, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ಮೊದಲು ದೇವರನ್ನು ಕರೆದಳು, ಆಮೇಲೆ ನಗತೊಡಗಿದಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಇಲ್ಲಿ ನನ್ನ ನೆನಪಿನ ಮೇಲೆ ನನಗೆ ಅನುಮಾನವಿಲ್ಲ, ಅನುಮಾನಪಡುವ ಮನಸ್ಸೂ ಇಲ್ಲ. ಬೀದಿ ಸುತ್ತಿ ಛತ್ರದ ಇನ್ನೊಂದು ಗೇಟಿನಿಂದ ಡಿಕ್ಕಿ ಮುಂದಾಗಿ ನುಗ್ಗಿ, ಮೆಟ್ಟಿಲಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದೆ. ಆರತಿ ಹಿಡಿದು ನಿಂತಿದ್ದ ಮುತ್ತೈದೆಯರಿಗೆ ಕಾರಿನ ಮುಖ ಯಾವುದೆಂದು ತಿಳಿಯಲಿಲ್ಲ, ಡಿಕ್ಕಿಗೇ ಎತ್ತಿದರು. ಭಾಗ್ಯ ಬಲಗಾಲಿಟ್ಟು ಇಳಿದಳು. ಬಿಳಿ ಕಾರು, ಹಿಂದಿನ ಗಾಜಿನ ಹೂವನ್ನೆಲ್ಲ ಕಿತ್ತು ದಾರಿ ಕಾಣಿಸಿಕೊಂಡು, ನಮ್ಮ ಕಾಫಿ ಮುಗಿದ ಮೇಲೆ ಬಂತು.

ಮದುವೆ ಚೆನ್ನಾಗಿ ಆಯಿತು. ಮಾರನೇ ದಿನ ಅಕ್ಕ ಗುಜರಿಯ ಮಾತೆತ್ತಲಿಲ್ಲ. ಹೊರಡುವಾಗ, "ಆ ಶೆಡ್ಡಿಗ ಹೊಸ ತಗಡ ಆಕ್ಸು ಕಣ್ಲಾ, ಮಳ ಬಿದ್ರ ಕಾರು ನೆಂದದು," ಎಂದಳು. ಮಾದೇವಣ್ಣ ಬೆಸುಗೆ ಕೊಯ್ದು, ಕಿತ್ತದ್ದನ್ನು ಮೊದಲಿದ್ದ ಜಾಗಕ್ಕೇ ಬೆಸೆದು, ಆಕ್ಸೆಲ್ಲನ್ನು ಮಗುಚಿ ಕೂರಿಸಿದ, ಎಲ್ಲ ಭಾಗಗಳೂ ಯಾವ ಬಲವಂತವೂ ಇಲ್ಲದೆ ಕೂತವು. ಕಾರು ಈಗ ಹಳೆಯ ಮೈ, ಈಚಿನ ಹಿಂಗಾಲು ಇಟ್ಟುಕೊಂಡು ಮುಂದಕ್ಕೆ ಓಡುತ್ತದೆ, ನಾಯಿಗಳು ತಲೆ ಎತ್ತಿಯೂ ನೋಡುವುದಿಲ್ಲ. ಭಾಗ್ಯಳನ್ನು ನೋಡಲು ಬೇಗೂರಿಗೆ ಅಕ್ಕ ಅದರಲ್ಲೇ ಹೋಗುತ್ತಾಳೆ.

ಆಮೇಲೆ ಮದುವೆಯ ವಿಡಿಯೋ ಬಂತು. ಸ್ಟುಡಿಯೋದವನು ಅಚ್ಚುಕಟ್ಟಿನ ಮನುಷ್ಯ. ಹೆಣ್ಣಿನ ಕಾರು ಹಿಂದಕ್ಕೆ ಓಡುವುದನ್ನು ಕಂಡು, ತನ್ನ ಕಂಪ್ಯೂಟರೇ ಏನೋ ತಪ್ಪು ಮಾಡಿದೆಯೆಂದು ತಿಳಿದು, ಆ ಭಾಗವನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಸರಿಪಡಿಸಿದ್ದ. ಕಾರು ಈಗ ಶಾಸ್ತ್ರೋಕ್ತವಾಗಿ ಮುಂದಕ್ಕೆ ಹೋಗುತ್ತಿತ್ತು. ತಮಟೆಯವರು ಬಾರಿಸುತ್ತ ಹಿಂದಕ್ಕೆ ಓಡುತ್ತಿದ್ದರು. ಬಾನೆಟ್ಟಿನ ಮೇಲಿನ ಹೂವುಗಳು ಎದ್ದು ಹಾರಿ ಹೆಂಗಸರ ಕೈ ಸೇರುತ್ತಿದ್ದವು. ಚಿಕ್ಕಪ್ಪ ಬೆನ್ನು ಮುಂದೆ ಮಾಡಿ ಗಲ್ಲಿಯೊಳಗೆ ಮರೆಯಾದರು. ಅಕ್ಕ ಟೀವಿಯ ಮುಂದಿನಿಂದ ಏಳದೆ, "ಇದ್ರಲ್ಲಿ ನನ್ ಮಗಳು ಛತ್ರ ಬುಟ್ಟು ಆಚ್ಗ ಓಯ್ತಾವ್ಳ ಕಣ್ಲಾ, ಸರಿ ಮಾಡ್ಸು," ಎಂದಳು. ಮಾಡಿಸಿಕೊಟ್ಟೆ. ಆದರೆ ತಿರುಗಿಸಿದ ವಿಡಿಯೋದ ಒಂದು ಪ್ರತಿಯನ್ನು ಗುಟ್ಟಾಗಿ ನನಗೆಂದು ಇಟ್ಟುಕೊಂಡಿದ್ದೇನೆ. ಇಡೀ ಗುಂಡ್ಲುಪೇಟೆ ಹಿಂದಕ್ಕೆ ನಡೆಯುತ್ತಿದೆ, ನಾನೊಬ್ಬ ಮಾತ್ರ ಮುಂದಕ್ಕೆ ಹೋಗುತ್ತಿದ್ದೇನೆ. ನನ್ನ ಬಗ್ಗೆ ನಾನು ಬಹಳ ವರ್ಷಗಳಿಂದ ಇಟ್ಟುಕೊಂಡಿರುವ ಅಭಿಪ್ರಾಯಕ್ಕೆ ಇಷ್ಟು ಹತ್ತಿರದ ಸಾಕ್ಷಿ ಬೇರೆ ಸಿಕ್ಕಿರಲಿಲ್ಲ. ಮೊನ್ನೆ ಅದನ್ನು ಹೆಂಡತಿಗೆ ತೋರಿಸಿದೆ. ಅವಳು ಕೊನೆಯವರೆಗೂ ನೋಡಿ, ಮುಂದಕ್ಕೆ ಹೋಗುವವರು ಯಾಕೆ ಕತ್ತು ಅಷ್ಟೊಂದು ಹಿಂದಕ್ಕೆ ತಿರುಗಿಸಿಕೊಂಡು ಕೂತಿದ್ದೀರಿ ಎಂದು ಕೇಳಿದಳು.